ಕಲ್ಲಿಗೆ ಸೀಸ ಮಾತ್ರ ಬಿಡಿ: ವಾಸ್ಕೋ ಕಡೆ ಎರಡು ಗಾಳದ ಸೆಟ್ ಕಟ್ಟುವುದು

ಗೋವಾದ ವಾಸ್ಕೋದಲ್ಲಿ ನಮ್ಮ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಬಾಗಲಕೋಟೆ, ಗದಗ, ವಿಜಯಪುರ. ಆಲಮಟ್ಟಿ ಹಿನ್ನೀರಲ್ಲಿ ಬೆಂಡು ಕಟ್ಟಿ, ಎರೆಹುಳು ಚುಚ್ಚಿ ಮೀನು ಹಿಡಿದವರು. ಅದೇ ಗಾಳ ತಂದು ಬೈನಾ, ಬೊಗ್ಮಾಳೊ ಕಡೆ ಬಂಡೆ ಮೇಲಿಂದ ಎಸೆದರೆ ಅಲೆ ಅದನ್ನು ವಾಪಸ್ ಕಾಲಬುಡಕ್ಕೇ ತಂದು ಹಾಕುತ್ತದೆ. ಇಲ್ಲಿ ತಾಂಬ್ಸೊ, ಗೊಬ್ರೊ ಥರದ ಮೀನು ತಳದ ಕಲ್ಲುಸಂದಿಯಲ್ಲಿ ಇರುತ್ತವೆ. ಹಾಗಾಗಿ ಸೀಸ ತಳದಲ್ಲಿ ಕೂರಬೇಕು, ಗಾಳಗಳು ಅದರ ಮೇಲೆ ಕೊಂಬೆಯ ಹಾಗೆ ಪಕ್ಕಕ್ಕೆ ಚಾಚಿರಬೇಕು.

ಎಷ್ಟು ಗಾಳ? ಎರಡು ಸಾಕು. ಮೂರನೆಯದು ದುರಾಸೆ ಅಷ್ಟೇ. ಅದು ಮೀನಿಗಿಂತ ಕಲ್ಲನ್ನೇ ಜಾಸ್ತಿ ಹಿಡಿಯುತ್ತದೆ.

40 ಪೌಂಡಿನ, ಅಂದರೆ ಅಷ್ಟು ಎಳೆತ ತಡೆಯುವ, ನೈಲಾನ್ ದಾರ ಎರಡು ಮೀಟರ್ ಕತ್ತರಿಸಿಕೊಳ್ಳಿ. ಕಟ್ಟಿ ಮುಗಿಸುವಷ್ಟರಲ್ಲಿ ಅದು ಒಂದು ಮೀಟರ್‌ಗೆ ಬಂದಿರುತ್ತದೆ. ಹೆಣೆದ ದಾರ, ಅಂದರೆ ಬ್ರೇಡ್, ಇದಕ್ಕೆ ಬೇಡ. ಅದು ಮೆತ್ತಗೆ, ನೀರಲ್ಲಿ ಜೋತು ಬಿದ್ದು ಸುತ್ತಿಕೊಳ್ಳುತ್ತದೆ. ಇಲ್ಲಿ ದಾರ ಸ್ವಲ್ಪ ಬಿರುಸಾಗಿಯೇ ಇರಬೇಕು.

ಈಗ ಗಂಟು. ಇದೊಂದು ಬಂದರೆ ಉಳಿದದ್ದು ಸುಲಭ. ದಾರದ ಮಧ್ಯೆ ಅಂಗೈ ಅಗಲದ ಒಂದು ಉಂಗುರ ಮಾಡಿ. ಎರಡೆಳೆ ಒಂದರ ಮೇಲೊಂದು ಹಾಯುವ ಜಾಗದಲ್ಲಿ, ಎಳೆಗಳ ನಡುವೆ ಒಂದು ಬೆಂಕಿಕಡ್ಡಿ ಸಿಕ್ಕಿಸಿ. ಕಡ್ಡಿಯನ್ನು ಮೂರು ಸುತ್ತು ತಿರುಗಿಸಿದರೆ ಅದರ ಆಚೆ ಈಚೆ ಸಮನಾಗಿ ಹುರಿ ಬೀಳುತ್ತದೆ. ಕಡ್ಡಿ ತೆಗೆಯಿರಿ, ಆದರೆ ಅದಿದ್ದ ತೂತು ಮುಚ್ಚಿಹೋಗಲು ಬಿಡಬೇಡಿ, ಉಂಗುರದ ಎದುರು ತುದಿಯನ್ನು ಆ ತೂತಿನೊಳಗೆ ತೂರಿಸಿ ಹೊರಗೆ ತಂದು ಒಂದು ಮೊಳೆಗೆ ಸಿಕ್ಕಿಸಿ. ಗಂಟಿಗೆ ಎಂಜಲು ಹಚ್ಚಿ, ಎರಡೂ ಕಡೆಯ ದಾರ ಹಿಡಿದು ನಿಧಾನಕ್ಕೆ ಎಳೆಯಿರಿ. ಒಣಗಿದ ನೈಲಾನನ್ನು ಜಗ್ಗಿದರೆ ಉಜ್ಜಿ ಬಿಸಿಯಾಗಿ ಅಲ್ಲೇ ಬಲ ಕಳೆದುಕೊಳ್ಳುತ್ತದೆ. ಸರಿಯಾಗಿ ಬಿಗಿದರೆ ಕುಣಿಕೆ ದಾರಕ್ಕೆ ಅಡ್ಡಲಾಗಿ ನಿಲ್ಲುತ್ತದೆ.

ಕುಣಿಕೆ 10 ರಿಂದ 12 ಸೆಂಟಿಮೀಟರ್ ಇರಲಿ. ಎರಡು ಕುಣಿಕೆಗಳ ನಡುವೆ 35 ರಿಂದ 40. ಲೆಕ್ಕ ಸರಳ: ಮೇಲಿನ ಗಾಳ ಜೋತರೂ, ಕೆಳಗಿನದು ಎದ್ದರೂ ಒಂದಕ್ಕೊಂದು ಮುಟ್ಟಬಾರದು. ದಾರದ ಕೆಳತುದಿಯಿಂದ ಕೆಳಗಿನ ಕುಣಿಕೆಗೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಆಯಿತು. ಮೇಲಿನ ತುದಿಗೆ ಸ್ವಿವೆಲ್, ಅಂದರೆ ತಿರುಗುವ ಕೊಂಡಿ; ರೀಲಿನ ದಾರ ಅದಕ್ಕೆ.

ಗಾಳ ಹಾಕಲು ಬೇರೆ ಗಂಟು ಬೇಕಿಲ್ಲ. ಕುಣಿಕೆಯ ತುದಿಯನ್ನು ಗಾಳದ ಕಣ್ಣಿನೊಳಗೆ ತೂರಿಸಿ, ಗಾಳವನ್ನೇ ಆ ಕುಣಿಕೆಯೊಳಗಿಂದ ದಾಟಿಸಿ ಎಳೆದರೆ ಮುಗಿಯಿತು. ಮಡಚಿದ ದಾರ ಹೋಗುವಷ್ಟು ದೊಡ್ಡ ಕಣ್ಣಿನ ಗಾಳವನ್ನೇ ಅಂಗಡಿಯಲ್ಲಿ ನೋಡಿ ತನ್ನಿ. 1/0 ಅಳತೆ ಇಲ್ಲಿಗೆ ಸರಿ.

ಇನ್ನು ಸೀಸ. ತುಂಬಾ ಜನ ಅದನ್ನು ನೇರವಾಗಿ ದಪ್ಪ ದಾರಕ್ಕೇ ಕಟ್ಟುತ್ತಾರೆ, ಆಮೇಲೆ ಕಲ್ಲಿಗೆ ಸಿಕ್ಕಾಗ ಪೂರ್ತಿ ಸೆಟ್ ಕಳೆದುಕೊಂಡು ಸಮುದ್ರವನ್ನು ಬೈಯುತ್ತಾರೆ. 12 ಪೌಂಡಿನ ತೆಳು ದಾರವನ್ನು ಒಂದು ಗೇಣು ತೆಗೆದುಕೊಂಡು, ಸೀಸವನ್ನು ಅದರಲ್ಲಿ ದಪ್ಪ ದಾರದ ಕೆಳತುದಿಗೆ ಕಟ್ಟಿ. ಸಿಕ್ಕಿಕೊಂಡರೆ ಆ ತುಂಡು ಹರಿಯುತ್ತದೆ, ಗಾಳ, ಮೀನು ಎರಡೂ ನಿಮ್ಮ ಕೈಗೆ ಬರುತ್ತವೆ. ರೀಲಿನ ದಾರ ಇದಕ್ಕಿಂತ ಗಟ್ಟಿ ಇರಬೇಕು, 20 ಪೌಂಡಾದರೂ. ಬಂಡೆ ಜಾಗಕ್ಕೆ ಒಳ್ಳೆ ಸೀಸ ಸುಮ್ನೆ ಯಾಕೆ? ಗ್ಯಾರೇಜಿನ ಹಳೆ ಸ್ಪಾರ್ಕ್ ಪ್ಲಗ್ ಸಾಕು, ಸುಮಾರು 50 ಗ್ರಾಂ ತೂಗುತ್ತದೆ. ಮರಳಿನ ತಳವಾದರೆ ಮಾತ್ರ ಪಿರಮಿಡ್ ಆಕಾರದ ಸೀಸ ತನ್ನಿ, ಗುಂಡನೆಯದು ಉರುಳಿಕೊಂಡು ಹೋಗುತ್ತದೆ.

ಮೇಲಿನ ಗಾಳಕ್ಕೆ ಸಿಗಡಿ, ಕೆಳಗಿನದಕ್ಕೆ ಮಾಣಕಿಯ (ಸ್ಕ್ವಿಡ್) ಉದ್ದ ಸೀಳು. ಮಾಣಕಿ ಗಟ್ಟಿ, ಸಣ್ಣ ಮೀನು ಕಚ್ಚಿ ಕಚ್ಚಿ ಎಳೆದರೂ ಬೇಗ ಕಳಚುವುದಿಲ್ಲ. ಸಿಗಡಿ ಮೆತ್ತಗಿದ್ದರೆ ಹೊಲಿಗೆ ದಾರ ನಾಲ್ಕು ಸುತ್ತು ಸುತ್ತಿ.

ಎಸೆಯುವಾಗ ರಾಡನ್ನು ಚಾಟಿ ಥರ ಬೀಸಬೇಡಿ. ಸಿಗಡಿ ಒಂದು ಕಡೆ, ತೆಳು ದಾರ ಹರಿದು ಪ್ಲಗ್ ಇನ್ನೊಂದು ಕಡೆ ಹಾರುತ್ತದೆ, ಹಿಂದೆ ಯಾರಾದರೂ ನಿಂತಿದ್ದರೆ ಕೇಳುವುದೇ ಬೇಡ. ನಿಧಾನಕ್ಕೆ ತೂಗಿ ಬಿಡಿ. ತಳ ಮುಟ್ಟಿದ ಮೇಲೆ ಸಡಿಲ ದಾರ ಸುತ್ತಿ ಬಿಗಿ ಮಾಡಿ. ಮೊದಲ ಟಕ್ ಟಕ್‌ಗೆ ಜಗ್ಗಬೇಡಿ, ರಾಡ್ ಬಾಗಿದಾಗ ಎತ್ತಿ. ಸರ್ಕಲ್ ಹುಕ್, ಅಂದರೆ ಮೊನೆ ಒಳಕ್ಕೆ ಬಾಗಿದ ಗಾಳ, ಹಾಕಿದ್ದರೆ ಜಗ್ಗುವುದೇ ಬೇಡ, ಸುಮ್ನೆ ಸುತ್ತುತ್ತಾ ಹೋಗಿ. ಒಂದು ಬಿತ್ತು, ಎರಡನೆಯದೂ ಬೀಳಲಿ ಅಂತ ಕಾಯುವುದು ಮರಳಲ್ಲಿ ಸರಿ, ಕಲ್ಲಲ್ಲಿ ಬೇಡ. ಗೊಬ್ರೊ ಸಂದಿ ಹೊಕ್ಕರೆ ಹೊರಗೆ ತರುವುದು ಕಷ್ಟ.

ಸಿಕ್ಕಿಕೊಂಡರೆ ರಾಡ್ ಬಗ್ಗಿಸಿ ಎಳೆಯಬೇಡಿ. ರಾಡಿನ ತುದಿ ನೀರಿಗೆ ನೇರ ಮಾಡಿ, ರೀಲಿನಲ್ಲಿ ದಾರ ಸುತ್ತಿರುವ ಸ್ಪೂಲ್ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಕಾಲಿಟ್ಟ ಜಾಗ ನೋಡಿಕೊಂಡು ಹಿಂದಕ್ಕೆ ಹೆಜ್ಜೆ ಹಾಕಿ.

ಸಾಂಗಟ್, ಅಂದರೆ ನಮ್ಮ ಕರಾವಳಿಯವರ ಶೇಡೆ ಮೀನು (ಕ್ಯಾಟ್‌ಫಿಶ್), ಬಿದ್ದರೆ ಬರಿಗೈ ಹಾಕಬೇಡಿ. ಬೆನ್ನಿನ ಮೇಲೊಂದು, ಪಕ್ಕಕ್ಕೆ ಎರಡು ವಿಷದ ಮುಳ್ಳು ಇರುತ್ತವೆ. ಪಕ್ಕಡ್‌ನಿಂದ ಗಾಳ ಬಿಡಿಸಿ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ ಕೈ ಇಡಿ, ಉರಿ ಇಳಿಯುತ್ತದೆ, ಮುರಿದ ಮುಳ್ಳು ಒಳಗೇ ಉಳಿದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆ ಮೇಲೆ ಹತ್ತಲೇಬೇಡಿ. ಪಾಚಿ, ಅಲೆ ಎರಡೂ ಸೇರಿದರೆ ಈಜು ಬಂದವರೂ ಉಳಿಯುವುದು ಕಷ್ಟ.

ಸೆಟ್‌ಗಳನ್ನು ಮನೆಯಲ್ಲೇ ನಾಲ್ಕೈದು ಕಟ್ಟಿಕೊಂಡು ಹೋಗಿ. ಹಳೆ ಹವಾಯಿ ಚಪ್ಪಲಿಯ ಅಟ್ಟೆಗೆ ಅಂಚಲ್ಲಿ ಸಣ್ಣ ಸಣ್ಣ ಸೀಳು ಹಾಕಿ ದಾರ ಸುತ್ತಿ, ಗಾಳದ ಮೊನೆಯನ್ನು ರಬ್ಬರಿಗೆ ಚುಚ್ಚಿಟ್ಟರೆ ಗೋಜಲಾಗುವುದಿಲ್ಲ. ಸೀಸವನ್ನು ಅಲ್ಲಿಗೆ ಹೋದ ಮೇಲೆ ಕಟ್ಟಿದರಾಯಿತು.