ಇಂಜೆರಾ ಮೊದಲು, ಭೂಪಟ ಆಮೇಲೆ

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಪರದೇಶ ತೋರಿಸುವಾಗ ನಾನು ಭೂಪಟ ಬಿಚ್ಚುವುದು ಕೊನೆಗೆ. ಆ ವಯಸ್ಸಿಗೆ ಅದು ಬಣ್ಣದ ಹಾಳೆ ಅಷ್ಟೇ. ಮೂರು ವಾರಕ್ಕೆ ಒಂದೇ ದೇಶ, ನಾಲ್ಕು ಚಿತ್ರಪುಸ್ತಕ, ದಿನಕ್ಕೆ ಹತ್ತು ನಿಮಿಷ. ಪುಟಕ್ಕೊಂದು ದೇಶ ಹಂಚಿದ ಪುಸ್ತಕ ಆರಂಭಕ್ಕೆ ಬೇಡ. ಅದರಲ್ಲಿ ಇರುವುದೆಲ್ಲ ಹಬ್ಬದ ಉಡುಪು. ಜಪಾನಿನ ಮಕ್ಕಳು ದಿನಾ ಕಿಮೊನೊ ಉಟ್ಟೇ ಶಾಲೆಗೆ ಹೋಗುತ್ತಾರೆ ಅಂತ ಮಗು ನಂಬಿಬಿಡುತ್ತದೆ.

ಕನ್ನಡದ ಮಕ್ಕಳಿಗೆ ನಾನು ಮೊದಲು ಆರಿಸುವುದು ಇಥಿಯೋಪಿಯಾ. ನಮ್ಮ ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ, ಕಾಫಿಯ ತವರೂ ಇಥಿಯೋಪಿಯಾವೇ. ಪುಸ್ತಕ ಕೊಳ್ಳುವಾಗ ಎರಡು ಪರೀಕ್ಷೆ ಸಾಕು. ದೇಶದ ಹೆಸರಿಲ್ಲದೆ ಬರೀ 'ಆಫ್ರಿಕಾ' ಎಂದಿದ್ದರೆ ಬಿಡಿ, ಅಲ್ಲಿ 54 ದೇಶಗಳಿವೆ. ಚಿತ್ರಗಳಲ್ಲಿ ಗುಡಿಸಲು, ಸಿಂಹ ಮಾತ್ರ ಇದ್ದರೂ ಬಿಡಿ. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿ ಬಹುಮಹಡಿ ಕಟ್ಟಡಗಳಿವೆ, ನಗರದೊಳಗೇ ಓಡುವ ರೈಲಿದೆ. ಎರಡು ಸಾವಿರ ಮೀಟರಿಗೂ ಎತ್ತರದ ಊರಾದ್ದರಿಂದ ಸ್ವೆಟರೂ ಬೇಕು.

ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಪುಸ್ತಕಗಳು ಉಚಿತ, ಆಫ್ರಿಕಾದ ಕಥೆಗಳೂ ಇವೆ. ಇಂಗ್ಲಿಷ್ ಪುಸ್ತಕವಾದರೆ ಓದುತ್ತಾ ಓದುತ್ತಾ ಅನುವಾದ ಮಾಡಬೇಡಿ. ದಿನಾ ಮಾತು ಬದಲಾಗುತ್ತದೆ, ಬಾಯಿಪಾಠ ಮಾಡಿಕೊಂಡ ಮಗು 'ನಿನ್ನೆ ಹೀಗಿರಲಿಲ್ಲ' ಅಂತ ಜಗಳ ತೆಗೆಯುತ್ತದೆ. ಪುಟಕ್ಕೆ ಎರಡೇ ಸಾಲು, ಆಡುಮಾತಿನಲ್ಲಿ, ಚೀಟಿ ಬರೆದು ಅಂಟಿಸಿ. ಇಂಜೆರಾ ಅಂದರೆ ಇಥಿಯೋಪಿಯಾದವರ ಹುಳಿ ರೊಟ್ಟಿ, ಅದನ್ನು ಚೀಟಿಯಲ್ಲಿ ದೋಸೆ ಮಾಡಿಬಿಡಬೇಡಿ. 'ನಮ್ಮ ದೋಸೆ ಥರ' ಅಂತ ಒಂದೇ ಸಲ ಹೇಳಿ, ಆಮೇಲೆ ಇಂಜೆರಾ ಅಂತಲೇ ಓದಿ.

ಮೊದಲ ಓದಿನಲ್ಲಿ ಪ್ರಶ್ನೆ ಬೇಡ. ಎರಡನೆಯ ಸಲ ಚಿತ್ರದ ಮೇಲೆ ಬೆರಳಿಟ್ಟು 'ಇವರು ಏನು ಮಾಡ್ತಿದ್ದಾರೆ?' ಅಂತ ಕೇಳಿ. ಎಲ್ಲರೂ ಒಂದೇ ತಟ್ಟೆಯಲ್ಲಿ ಬಲಗೈಯಿಂದ ಉಣ್ಣುವುದು, ಒಬ್ಬರ ಬಾಯಿಗೆ ಇನ್ನೊಬ್ಬರು ತುತ್ತಿಡುವುದು ಮಗುವಿಗೆ ತಕ್ಷಣ ಹಿಡಿಸುತ್ತದೆ. ಆ ತುತ್ತಿಗೆ ಅಲ್ಲಿ ಗುರ್ಶಾ ಅನ್ನುತ್ತಾರೆ. 'ಎಂಜಲು' ಅಂತ ಮುಖ ಸಿಂಡರಿಸಿದರೆ ಗದರಬೇಡಿ. ನಮ್ಮ ಕೈತುತ್ತು ನೆನಪಿಸಿದರೆ ಸಾಕು.

ಎರಡನೆಯ ವಾರ ಅಡುಗೆ. ನಿಜವಾದ ಇಂಜೆರಾ ಟೆಫ್ ಎಂಬ ಸಣ್ಣ ಧಾನ್ಯದ್ದು. ಅದು ಸಿಗದಿದ್ದರೆ ಒಂದು ಲೋಟ ರಾಗಿ ಹಿಟ್ಟು, ಅರ್ಧ ಲೋಟ ಗೋಧಿ ಹಿಟ್ಟು, ಒಂದು ಸೌಟು ಹುಳಿ ಬಂದ ದೋಸೆಹಿಟ್ಟು, ಇಷ್ಟನ್ನೂ ನೀರಿನಲ್ಲಿ ಕಲಸಿ ರಾತ್ರಿಯಿಡೀ ಬಿಡಿ. ಬರೀ ರಾಗಿಯಾದರೆ ಹರಿದು ತುಂಡಾಗುತ್ತದೆ. ಕಾದ ಕಾವಲಿಗೆ ತೆಳ್ಳಗೆ ಹುಯ್ದು, ಮೇಲೆ ಕಣ್ಣುಕಣ್ಣು ಬಿದ್ದಮೇಲೆ ಮುಚ್ಚಿ ಬೇಯಿಸಿ, ಮಗುಚಬೇಡಿ. ಕಾವಲಿ ತಣ್ಣಗಿದ್ದರೆ ಕಣ್ಣೇ ಬೀಳುವುದಿಲ್ಲ. ಇದು ಇಂಜೆರಾ ಅಲ್ಲ, ಅದರ ಹತ್ತಿರದ್ದು ಅಂತ ಮಕ್ಕಳಿಗೂ ಹೇಳಿಬಿಡಿ.

ಆರು ತುಂಬಿದವರಿಗೆ ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯ ಅಕ್ಷರ ತೋರಿಸಿ. ನಮ್ಮ ಕಾಗುಣಿತದಂತೆ ಅಲ್ಲೂ ಒಂದೊಂದು ಅಕ್ಷರ ಸ್ವರಕ್ಕೆ ತಕ್ಕಂತೆ ಏಳು ರೂಪ ತಾಳುತ್ತದೆ. ಕಾಗುಣಿತದ ಬೇಸರವೂ ಸ್ವಲ್ಪ ಇಳಿಯುತ್ತದೆ ಅನ್ನಿ.

ಕೊನೆಯ ವಾರ ಗ್ಲೋಬು. ಮಂಗಳೂರಿನಿಂದ ಪಶ್ಚಿಮಕ್ಕೆ ದಾರ ಎಳೆದರೆ ಸಮುದ್ರ ದಾಟಿ ಜಿಬೂಟಿ ಎಂಬ ಪುಟ್ಟ ದೇಶ. ಇಥಿಯೋಪಿಯಾಕ್ಕೆ ಕಡಲಿಲ್ಲ, ಜಿಬೂಟಿಯಿಂದ ಅಡಿಸ್ ಅಬಾಬಾಕ್ಕೆ ರೈಲು. ದಾರ ಹಿಡಿಯುವುದು ಮಗುವೇ ಆಗಿರಲಿ.