ಹೆರಿಗೆ ವಾರ್ಡಿನ ಪ್ರಶ್ನೆಗೆ ಸಂಶೋಧನೆಯ ಉತ್ತರ: ಗ್ರಂಥಪಾಲಕನ ಅನುಭವ

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ಕಾಲೇಜು ಗ್ರಂಥಾಲಯಗಳ ಡಿಜಿಟಲ್ ಜಾಲವಾದ ಹೆಲಿನೆಟ್ ಆರಂಭಿಸಿದ ಮೇಲೆ ಕರ್ನಾಟಕದ ವೈದ್ಯಕೀಯ ಕಾಲೇಜುಗಳಿಗೆ ವಿದೇಶಿ ಜರ್ನಲ್‌ಗಳು ಕಂಪ್ಯೂಟರಿನಲ್ಲೇ ಸಿಗತೊಡಗಿದವು. ಪಬ್‌ಮೆಡ್ ಎಂಬ ವೈದ್ಯಕೀಯ ಪ್ರಬಂಧಗಳ ಶೋಧತಾಣ 1997ರಿಂದಲೇ ಎಲ್ಲರಿಗೂ ಉಚಿತವಾಗಿತ್ತು. 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಡೀ ದೇಶದ ಪರವಾಗಿ, ಒಂದು ಚಿಕಿತ್ಸೆಯ ಬಗೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಅವಲೋಕನಗಳ ಸಂಗ್ರಹವಾದ ಕಾಕ್ರೇನ್ ಲೈಬ್ರರಿಗೆ ಚಂದಾ ಕಟ್ಟಿತು. ಮಾಹಿತಿಗೆ ಕೊರತೆಯಿರಲಿಲ್ಲ. ಆದರೆ ವೈದ್ಯಕೀಯ ಕಾಲೇಜೊಂದರ ಗ್ರಂಥಪಾಲಕನಾಗಿ ನಾನು ಕಂಡಂತೆ, ರೌಂಡ್ಸ್ ಮುಗಿಸಿ, ಹೊರರೋಗಿಗಳ ಸರತಿಯನ್ನು ಕರಗಿಸಿ, ಮತ್ತೆ ರಾತ್ರಿ ಡ್ಯೂಟಿಗೆ ನಿಲ್ಲುವ ವೈದ್ಯರಿಗೆ ಹತ್ತಾರು ಪ್ರಬಂಧಗಳನ್ನು ಓದುವ ಬಿಡುವು ಇರುವುದಿಲ್ಲ. ಆದ್ದರಿಂದ ಹೊಸ ಪ್ರಬಂಧಗಳ ಪಟ್ಟಿಯನ್ನು ಎಲ್ಲರಿಗೂ ಇಮೇಲ್ ಮಾಡುವುದನ್ನು ಬಿಟ್ಟು, ಅವರ ಪ್ರಶ್ನೆಯನ್ನು ಕೇಳಿಕೊಂಡು ಅದಕ್ಕಷ್ಟೇ ಉತ್ತರ ಕಳುಹಿಸುವ ಕ್ರಮವನ್ನು ರೂಢಿಸಿಕೊಂಡೆ.

ಪ್ರಶ್ನೆಯನ್ನು ಸರಿಯಾಗಿ ಪಡೆಯುವುದೇ ಅರ್ಧ ಕೆಲಸ. ಪಿಜಿ ವಿದ್ಯಾರ್ಥಿನಿಯೊಬ್ಬರು "ಹೆರಿಗೆಯ ನಂತರದ ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಕೊಡಬಹುದೇ ಸರ್?" ಎಂದು, ರಕ್ತಸ್ರಾವ ತಡೆಯುವ ಆ ಔಷಧದ ಬಗ್ಗೆ ಕೇಳಿದಾಗ, ಎಷ್ಟು ಹೊತ್ತಿನೊಳಗೆ, ಯಾವುದಕ್ಕೆ ಹೋಲಿಸಿ, ಸಾವು ತಪ್ಪಿಸಲೋ ಶಸ್ತ್ರಚಿಕಿತ್ಸೆ ತಪ್ಪಿಸಲೋ ಎಂದು ನಾನು ಮರುಪ್ರಶ್ನೆ ಹಾಕಿದೆ. ರೋಗಿ ಯಾರು, ಚಿಕಿತ್ಸೆ ಯಾವುದು, ಹೋಲಿಕೆ ಯಾವುದರೊಂದಿಗೆ, ಫಲಿತಾಂಶವೇನು ಎಂಬ ನಾಲ್ಕೂ ತಿಳಿದರೆ ಪಬ್‌ಮೆಡ್‌ನಲ್ಲಿ ವಿಷಯಸೂಚಿಯ ಪದಗಳನ್ನು ಹಾಕಿ, ಚಿಕಿತ್ಸೆಗೆ ಸಂಬಂಧಿಸಿದ ಪ್ರಯೋಗಗಳಿಗೆ ಮಾತ್ರ ಶೋಧವನ್ನು ಸೀಮಿತಗೊಳಿಸಲು ಕಷ್ಟವಿಲ್ಲ.

ಅಂದು ಸಿಕ್ಕಿದ್ದು ಅದೇ ಔಷಧವನ್ನು ಪರೀಕ್ಷಿಸಿದ 'ವುಮನ್' ಎಂಬ ಪ್ರಯೋಗ. 21 ದೇಶಗಳ 193 ಆಸ್ಪತ್ರೆಗಳಲ್ಲಿ 20,060 ಮಹಿಳೆಯರನ್ನು ಒಳಗೊಂಡಿದ್ದ ಇದರ ಫಲಿತಾಂಶ 2017ರಲ್ಲಿ ವೈದ್ಯಕೀಯ ಜರ್ನಲ್ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಗಿತ್ತು. ಪ್ರಬಂಧದ ಕೊಂಡಿಯನ್ನಷ್ಟೇ ಕಳುಹಿಸದೆ, ಮೊಬೈಲಿನ ಒಂದೇ ಪರದೆಯಲ್ಲಿ ಹಿಡಿಯುವಷ್ಟು ಟಿಪ್ಪಣಿ ಬರೆದೆ: ಹೆರಿಗೆಯಾದ 3 ಗಂಟೆಯೊಳಗೆ ಔಷಧ ಪಡೆದವರಲ್ಲಿ ರಕ್ತಸ್ರಾವದಿಂದ ಸತ್ತವರು ಸಾವಿರಕ್ಕೆ 12, ಔಷಧದಂತೆಯೇ ಕಾಣುವ ಪ್ಲಸೀಬೊ ಪಡೆದವರಲ್ಲಿ 17, 3 ಗಂಟೆ ಮೀರಿದ ಮೇಲೆ ಪ್ರಯೋಜನ ಕಾಣಲಿಲ್ಲ, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯ ಪ್ರಮಾಣ ತಗ್ಗಲಿಲ್ಲ, ಮೊದಲ ಡೋಸ್ 1 ಗ್ರಾಂ, ನಿಧಾನವಾಗಿ ರಕ್ತನಾಳಕ್ಕೆ. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಪರಿಷ್ಕರಿಸಿದ ಶಿಫಾರಸನ್ನೂ ಕೆಳಗೆ ಸೇರಿಸಿದೆ. ಶೇಕಡಾವಾರು ಇಳಿಕೆಯನ್ನಷ್ಟೇ ಹೇಳಿದರೆ ಲಾಭವು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದಕ್ಕಾಗಿ ನಾನು ಸಾವಿರಕ್ಕೆ ಎಷ್ಟು ಎಂದೇ ಬರೆಯುತ್ತೇನೆ. ಔಷಧದಿಂದ ಆಗದೇ ಹೋದದ್ದನ್ನೂ ಬರೆಯಲೇಬೇಕೆಂಬುದು ನನ್ನ ದೃಢವಾದ ನಿಲುವು, ಏಕೆಂದರೆ ವಾರ್ಡಿನಲ್ಲಿರುವ ವೈದ್ಯರು ನಮ್ಮ ನಾಲ್ಕು ಸಾಲನ್ನು ನಂಬಿ ಮುಂದುವರಿಯುತ್ತಾರೆ. ಮೂರು ಗಂಟೆಯ ಮಿತಿಯನ್ನು ಓದಿದ ಆ ವಿಭಾಗದವರು ಔಷಧವನ್ನು ಹೆರಿಗೆ ಕೊಠಡಿಯ ತುರ್ತು ಟ್ರೇಯಲ್ಲೇ ಇರಿಸತೊಡಗಿದರು.

ಚಂದಾ ಜರ್ನಲ್‌ಗಳು ಆವರಣದ ಜಾಲದಲ್ಲಿ ಮಾತ್ರ ತೆರೆದುಕೊಳ್ಳುವುದಾದರೆ ಮನೆಯಲ್ಲಿರುವ ವೈದ್ಯರಿಗೆ ಕೊಂಡಿಯಿಂದ ಉಪಯೋಗವಿಲ್ಲ. ಟಿಪ್ಪಣಿಯಲ್ಲೇ ಅಂಕಿಅಂಶ ಇರಬೇಕಾದುದು ಅದಕ್ಕೂ ಹೌದು. ರೋಗಿಯ ಹೆಸರಾಗಲಿ ಆಸ್ಪತ್ರೆಯ ನೋಂದಣಿ ಸಂಖ್ಯೆಯಾಗಲಿ ಸಂದೇಶದಲ್ಲಿ ಬರದಂತೆ ನೋಡಿಕೊಳ್ಳುತ್ತೇವೆ. ಪ್ರತಿ ಟಿಪ್ಪಣಿಯ ತಲೆಯಲ್ಲಿ ಶೋಧಿಸಿದ ದಿನಾಂಕವಿರುತ್ತದೆ. ಅದೇ ವಿಷಯದ ಮೇಲೆ ಹೊಸ ಪ್ರಯೋಗವೋ ಕಾಕ್ರೇನ್ ಅವಲೋಕನವೋ ಬಂದಾಗ ಹಳೆಯದನ್ನು ಕಡತದಿಂದ ತೆಗೆದು, ತಿದ್ದಿದ ಪ್ರತಿಯನ್ನು ಮೊದಲು ಕೇಳಿದವರಿಗೂ ಇಡೀ ವಿಭಾಗಕ್ಕೂ ಕಳುಹಿಸುತ್ತೇವೆ.