ಯಾವ ಗೇಮ್ ಯಾವುದರಲ್ಲಿ ಆಡೋದು? ದುಡ್ಡು ಕೊಡುವ ಮೊದಲು ಇಷ್ಟು ನೋಡಿ

ಶಿರಸಿಯಲ್ಲಾಗಲಿ ಕಾರವಾರದಲ್ಲಾಗಲಿ, ಗೇಮ್ ಆಡುವ ಮಕ್ಕಳಿರುವ ಮನೆಯಲ್ಲಿ ಈಗ ಒಂದೇ ಸಾಧನ ಇರುವುದು ಅಪರೂಪ. ಕಾಲೇಜಿಗೆ ಅಂತ ಕೊಂಡ ಲ್ಯಾಪ್‌ಟಾಪ್ ಇರುತ್ತದೆ. ಎಲ್ಲರ ಕೈಯಲ್ಲೂ ಫೋನ್ ಇರುತ್ತದೆ. ಕೆಲವು ಮನೆಗಳಲ್ಲಿ ಟಿವಿ ಕೆಳಗೆ ಪ್ಲೇಸ್ಟೇಷನ್ನೋ ಎಕ್ಸ್‌ಬಾಕ್ಸೋ, ಅಂದರೆ ಟಿವಿಗೆ ಹಾಕಿ ಆಡುವ ಕನ್ಸೋಲ್, ಕೂತಿರುತ್ತದೆ. ಎಷ್ಟೋ ಗೇಮ್‌ಗಳು ಇವೆಲ್ಲದರಲ್ಲೂ ಸಿಗುತ್ತವೆ. ಹಾಗಾದರೆ ಕೊಳ್ಳೋದು ಎಲ್ಲಿ?

ಹೆಚ್ಚಿನವರು ಎಲ್ಲಿ ಅಗ್ಗವೋ ಅಲ್ಲಿ ಕೊಂಡುಬಿಡುತ್ತಾರೆ, ಇಲ್ಲ ಅಂದ್ರೆ ಮನೆಯಲ್ಲಿ ಯಾವುದು ಜೋರಿನ ಯಂತ್ರವೋ ಅದಕ್ಕೆ ಕೊಳ್ಳುತ್ತಾರೆ. ನನ್ನ ಪ್ರಕಾರ ಈ ಎರಡೂ ಕೊನೆಗೆ ನೋಡಬೇಕಾದ್ದು. ಯಾರ ಜೊತೆ ಆಡ್ತೀರಿ, ಎಲ್ಲಿ ಕೂತು ಆಡ್ತೀರಿ, ನಡುವೆ ಕರೆಂಟ್ ಹೋದರೆ ಆ ಗೇಮ್‌ಗೆ ಏನಾಗುತ್ತದೆ ಅನ್ನುವುದು ಮೊದಲು. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಜಿಲ್ಲೆಯಲ್ಲಿ ಈ ಕರೆಂಟಿನ ಪ್ರಶ್ನೆಯೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ. ಇನ್ನೊಂದು, ಈ ಲೆಕ್ಕವನ್ನು ಒಂದೊಂದು ಗೇಮ್‌ಗೂ ಬೇರೆ ಬೇರೆಯಾಗಿ ಹಾಕಬೇಕು. 'ನಾನು ಪಿಸಿಯವನು, ಎಲ್ಲ ಪಿಸಿಯಲ್ಲೇ' ಅಂತ ಹಟ ಹಿಡಿದರೆ ದುಡ್ಡೂ ಹೋಗುತ್ತದೆ, ಆಡುವ ಖುಷಿಯೂ ಹೋಗುತ್ತದೆ.

ಮೊದಲು ನೋಡಿ: ಜೊತೆಗೆ ಯಾರಿದ್ದಾರೆ?

ಒಬ್ಬರೇ ಆಡುವ ಗೇಮ್ ಆದರೆ ಈ ಹೆಜ್ಜೆ ಬಿಟ್ಟುಬಿಡಿ. ಗೆಳೆಯರ ಜೊತೆ ಆಡುವುದಾದರೆ ಬೇರೆ ಎಲ್ಲಕ್ಕಿಂತ ಮೊದಲು ಅವರಿಗೆ ಫೋನ್ ಮಾಡಿ, ಅವರ ಹತ್ತಿರ ಏನಿದೆ ಅಂತ ಕೇಳಿ. ಕುಮಟಾದಲ್ಲಿರುವ ಚಿಕ್ಕಪ್ಪನ ಮಗನ ಹತ್ತಿರ ಪಿಎಸ್5 (ಪ್ಲೇಸ್ಟೇಷನ್ 5) ಇದೆ, ನಿಮ್ಮ ಹತ್ತಿರ ಲ್ಯಾಪ್‌ಟಾಪ್ ಇದೆ ಅಂತಿಟ್ಟುಕೊಳ್ಳಿ. ರಾಕೆಟ್ ಲೀಗ್, ಫೋರ್ಟ್‌ನೈಟ್ ಆದರೆ ಏನೂ ತೊಂದರೆ ಇಲ್ಲ, ಅವುಗಳಲ್ಲಿ ಕ್ರಾಸ್‌ಪ್ಲೇ ಇದೆ. ಅಂದರೆ ಬೇರೆ ಬೇರೆ ಯಂತ್ರದಲ್ಲಿದ್ದವರೂ ಒಂದೇ ಮ್ಯಾಚ್‌ಗೆ ಇಳಿಯಬಹುದು. ವ್ಯಾಲರೆಂಟ್ ಹಾಗಲ್ಲ. ಅದು 2020ರಲ್ಲಿ ಪಿಸಿಗೆ ಬಂತು, 2024ರಲ್ಲಿ ಕನ್ಸೋಲ್‌ಗೂ ಬಂತು, ಆದರೆ ಪಿಸಿಯವರು ಮತ್ತು ಕನ್ಸೋಲ್‌ನವರು ಒಟ್ಟಿಗೆ ಆಡುವ ಹಾಗಿಲ್ಲ. ಮೌಸ್ ಹಿಡಿದವರ ಗುರಿಯ ಮುಂದೆ ಕಂಟ್ರೋಲರ್ (ಎರಡೂ ಕೈಯಲ್ಲಿ ಹಿಡಿದು ಒತ್ತುವ ಬಟನ್‌ಗಳ ಸಾಧನ) ಹಿಡಿದವರಿಗೆ ಕಷ್ಟ ಅನ್ನುವುದೇ ಕಾರಣ.

ಮೈನ್‌ಕ್ರಾಫ್ಟ್‌ನಲ್ಲಿ ಎಡವುವವರು ಬಹಳ. ಅದರಲ್ಲಿ ಜಾವಾ ಮತ್ತು ಬೆಡ್‌ರಾಕ್ ಅಂತ ಎರಡು ಬಗೆ. ಫೋನ್ ಮತ್ತು ಕನ್ಸೋಲ್‌ಗಳಲ್ಲಿ ಇರುವುದು ಬೆಡ್‌ರಾಕ್. ತಂಗಿ ಫೋನ್‌ನಲ್ಲಿ, ಅಣ್ಣ ಲ್ಯಾಪ್‌ಟಾಪ್‌ನಲ್ಲಿ ಒಂದೇ ಲೋಕದಲ್ಲಿ ಮನೆ ಕಟ್ಟಬೇಕು ಅಂದ್ರೆ ಇಬ್ಬರೂ ಬೆಡ್‌ರಾಕ್‌ನಲ್ಲೇ ಇರಬೇಕು. ಪಿಸಿಗೆ ಕೊಂಡರೆ ಎರಡೂ ಒಟ್ಟಿಗೇ ಸಿಗುತ್ತವೆ, 2022ರಿಂದ ಹಾಗೆ ಮಾಡಿದ್ದಾರೆ. ಹಾಗಾಗಿ ಮನೆಯಲ್ಲಿ ಪಿಸಿ ಇದ್ದರೆ ಈ ಗೇಮ್‌ಗೆ ಮೊದಲ ದುಡ್ಡು ಅಲ್ಲಿಗೇ ಹೋಗಲಿ.

ಫುಟ್‌ಬಾಲ್ ಗೇಮ್ ಇಎ ಎಫ್‌ಸಿಯಲ್ಲೂ ಕ್ರಾಸ್‌ಪ್ಲೇ ಇದೆ, ಆದರೆ ಅಲ್ಟಿಮೇಟ್ ಟೀಮ್‌ನಲ್ಲಿ ತಿಂಗಳುಗಟ್ಟಲೆ ಕೂತು ಕಟ್ಟಿದ ತಂಡ ಪ್ಲೇಸ್ಟೇಷನ್‌ನಿಂದ ಪಿಸಿಗೆ ಬರುವುದಿಲ್ಲ. ಒಮ್ಮೆ ಎಲ್ಲಿ ಶುರು ಮಾಡಿದಿರೋ ಅಲ್ಲೇ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಅಂತೂ ಫೋನಿನ ಆಟ, ಅದರಲ್ಲಿ ಯೋಚಿಸುವಂಥದ್ದೇನಿಲ್ಲ.

ಒಂದೇ ಸೋಫಾದಲ್ಲಿ ಕೂತು ಆಡುವ ಗೇಮ್‌ಗಳಿಗೆ ಟಿವಿಯೇ ಸರಿ. ಇಟ್ ಟೇಕ್ಸ್ ಟೂ ಗೇಮನ್ನು ಇಬ್ಬರಿಗಾಗಿಯೇ ಮಾಡಿದ್ದು, ಪರದೆ ಎರಡು ಭಾಗ ಆಗುತ್ತದೆ. 15 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಇಬ್ಬರು ನೋಡುವುದು ಕಷ್ಟ. ಕನ್ಸೋಲ್ ಇಲ್ಲದಿದ್ದರೂ ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ ಕೇಬಲ್ ಹಾಕಿ ಟಿವಿಗೆ ಕೊಟ್ಟರೆ ಆಯಿತು. ಎರಡು ಕಂಟ್ರೋಲರ್ ಇದ್ದರೆ ರಜೆಗೆ ಬಂದ ಅಕ್ಕನ ಮಕ್ಕಳೂ ಕೂರುತ್ತಾರೆ.

ನಿಮ್ಮ ಯಂತ್ರಕ್ಕೆ ಬಂದಿದೆಯಾ, ಬರಲಿದೆಯಾ?

ಕೆಲವು ಗೇಮ್‌ಗಳು ಒಂದೇ ಕಡೆ ಸಿಗುತ್ತವೆ. 2015ರ ಬ್ಲಡ್‌ಬಾರ್ನ್ ಆಡಬೇಕು ಅಂದ್ರೆ ಪ್ಲೇಸ್ಟೇಷನ್ ಬೇಕೇ ಬೇಕು. ಪ್ಲೇಸ್ಟೇಷನ್ ಮಾಡುವ ಸೋನಿಯ ಬೇರೆ ಹಲವು ಗೇಮ್‌ಗಳು ತಡವಾಗಿ ಪಿಸಿಗೆ ಬಂದಿವೆ. ಗಾಡ್ ಆಫ್ ವಾರ್ 2018ರದ್ದು, ಪಿಸಿಗೆ ಬಂದದ್ದು 2022ರಲ್ಲಿ. ಘೋಸ್ಟ್ ಆಫ್ ತ್ಸುಶಿಮಾ 2020ರದ್ದು, ಪಿಸಿಗೆ 2024ರಲ್ಲಿ. ಕಾಯುವ ತಾಳ್ಮೆ ಇದ್ದರೆ ಒಂದು ಗೇಮ್‌ಗೋಸ್ಕರ ಕನ್ಸೋಲ್ ಕೊಳ್ಳಬೇಡಿ. ಜಿಟಿಎ 5 ಕೂಡ ಕನ್ಸೋಲ್‌ಗೆ ಬಂದು ಒಂದೂವರೆ ವರ್ಷದ ಮೇಲೆ, 2015ರ ಏಪ್ರಿಲ್‌ನಲ್ಲಿ ಪಿಸಿಗೆ ಬಂತು. ಜಿಟಿಎ 6ರ ಮೊದಲ ಟ್ರೇಲರ್ ಬಂದಾಗಲೂ ಹೇಳಿದ್ದು ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಹೆಸರು ಮಾತ್ರ. ಇನ್ನೊಂದು ಕನ್ಸೋಲ್ ನಿಂಟೆಂಡೊ ಸ್ವಿಚ್ ನಮ್ಮ ದೇಶದಲ್ಲಿ ಕಂಪನಿಯ ಕಡೆಯಿಂದ ಅಧಿಕೃತವಾಗಿ ಮಾರಾಟ ಆಗುವುದಿಲ್ಲ. ಹೊರಗಿನಿಂದ ತರಿಸಿದ್ದು ಕೆಟ್ಟರೆ ವಾರಂಟಿಯ ಗೋಳು ಬೇರೆ. ನಿಂಟೆಂಡೊದವರದೇ ಗೇಮ್‌ಗಳಾದ ಮಾರಿಯೊ, ಜೆಲ್ಡಾ ಮೇಲೆ ನಿಜವಾಗಿ ಪ್ರೀತಿ ಇದ್ದರೆ ಮಾತ್ರ ಆ ದಾರಿ.

ಕೈಗೆ ಯಾವುದು ಒಗ್ಗುತ್ತದೆ?

ಏಜ್ ಆಫ್ ಎಂಪೈರ್ಸ್ 2, ಸಿವಿಲೈಸೇಶನ್ ಥರದ ಗೇಮ್‌ಗಳಿಗೆ ಮೌಸ್ ಬೇಕು. ಈಗ ಇವು ಕನ್ಸೋಲ್‌ನಲ್ಲೂ ಇವೆ, ಆಡಬಹುದು ಕೂಡ, ಆದರೆ ನೂರು ಸೈನಿಕರನ್ನು ಒಟ್ಟಿಗೆ ಆರಿಸಿ ಓಡಿಸುವುದು ಮೌಸ್‌ನಲ್ಲಿ ಎಷ್ಟು ಸಲೀಸು ಅಂತ ಒಮ್ಮೆ ಗೊತ್ತಾದ ಮೇಲೆ ಕಂಟ್ರೋಲರ್ ಬೇಡ ಅನ್ನಿಸುತ್ತದೆ. ಫುಟ್‌ಬಾಲ್, ಕಾರ್ ರೇಸ್, ಹಾಲೋ ನೈಟ್‌ನಂಥ ಜಿಗಿಯುವ ಗೇಮ್‌ಗಳು ಕಂಟ್ರೋಲರ್‌ನವು. ಕಂಟ್ರೋಲರ್ ಅಂದ ಕೂಡಲೇ ಕನ್ಸೋಲ್ ಅಂತ ಅಂದುಕೊಳ್ಳಬೇಡಿ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳು ಪಿಸಿಗೂ ಹೊಂದುತ್ತವೆ, ಬ್ಲೂಟೂತ್‌ನಲ್ಲಿ ಫೋನ್‌ಗೂ ಹೊಂದುತ್ತವೆ.

ಫೋನ್‌ನ ಪರದೆ ಮುಟ್ಟಿ ಆಡುವುದಕ್ಕೆ ಅದರದೇ ಗೇಮ್‌ಗಳಿವೆ. ಕಾರ್ಡ್ ಆಟ, ಒಗಟಿನ ಆಟ, ವ್ಯಾಂಪೈರ್ ಸರ್ವೈವರ್ಸ್‌ನಂಥ ಒಂದು ಬೆರಳಿನ ಆಟ. ಕಾರವಾರದಿಂದ ರೈಲು ಹತ್ತಿದರೆ ಸುರಂಗ ಬಂದಾಗೆಲ್ಲ ನೆಟ್‌ವರ್ಕ್ ಹೋಗುತ್ತದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲೂ ನೆಟ್‌ವರ್ಕ್ ನಂಬಿ ಕೂರುವ ಹಾಗಿಲ್ಲ. ಪ್ರಯಾಣಕ್ಕೆ ಅಂತ ಕೊಳ್ಳುವ ಗೇಮ್ ಆಫ್‌ಲೈನ್ ನಡೆಯುತ್ತದಾ ಅಂತ ಮನೆಯಲ್ಲೇ ಪರೀಕ್ಷೆ ಮಾಡಿ: ಏರೋಪ್ಲೇನ್ ಮೋಡ್ ಹಾಕಿ, ಗೇಮ್ ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. ತೆರೆದರೆ ಸರಿ.

ಮಳೆ, ಕರೆಂಟ್, ನೆಟ್

ಬೆಂಗಳೂರಿನಿಂದ ವಿಡಿಯೊ ಮಾಡುವವರು ಈ ವಿಷಯ ಹೇಳುವುದೇ ಇಲ್ಲ. ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹರಿದರೆ ತೋಟದ ಮನೆಗಳಿಗೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವವರು ಯಾರೂ ಇಲ್ಲ. ಹಾಗಾಗಿ ಗೇಮ್ ಕೊಳ್ಳುವ ಮೊದಲು ಅದು ಹೇಗೆ ಸೇವ್ ಆಗುತ್ತದೆ ಅಂತ ಹುಡುಕಿ ನೋಡಿ.

ಸ್ಟಾರ್‌ಡ್ಯೂ ವ್ಯಾಲಿ ತಗೊಳ್ಳಿ. ಪಿಸಿ ಮತ್ತು ಕನ್ಸೋಲ್‌ನಲ್ಲಿ ಅದು ಸೇವ್ ಆಗುವುದು ನಿಮ್ಮ ಪಾತ್ರ ರಾತ್ರಿ ಮಲಗಿದಾಗ. ಆಟದ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ. ಸಂಜೆ ತನಕ ಗಣಿಯಲ್ಲಿ ಅಗೆದು ಚೀಲ ತುಂಬಿಸಿದ್ದೀರಿ, ಆಗ ಕರೆಂಟ್ ಹೋಯಿತು ಅಂದ್ರೆ ಆ ದಿನದ್ದೆಲ್ಲ ಹೋಯಿತು. ಅದೇ ಗೇಮ್‌ನ ಫೋನ್ ಆವೃತ್ತಿಯಲ್ಲಿ ದಿನದ ನಡುವೆಯೂ ಆಟ ಉಳಿಯುತ್ತದೆ. ಗೇಮ್‌ನ ಗಾತ್ರವೂ ಸಣ್ಣದು, ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಆಫ್‌ಲೈನ್ ನಡೆಯುತ್ತದೆ. ಮಳೆಗಾಲಕ್ಕೆ ಇದನ್ನು ಫೋನ್‌ನಲ್ಲೇ ಕೊಳ್ಳಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಎಲ್ಡನ್ ರಿಂಗ್ ತನ್ನಷ್ಟಕ್ಕೆ ಪದೇ ಪದೇ ಸೇವ್ ಆಗುತ್ತಾ ಇರುತ್ತದೆ, ಕರೆಂಟ್ ಹೋದರೂ ದೊಡ್ಡ ನಷ್ಟ ಇಲ್ಲ. ಬಾಲ್ಡರ್ಸ್ ಗೇಟ್ 3 ಪಿಸಿಯಲ್ಲಿ ಎಫ್5 ಒತ್ತಿದರೆ ಅಲ್ಲೇ ಸೇವ್. ಹಾಲೋ ನೈಟ್ ಮತ್ತೆ ತೆರೆದರೆ ನಿಮ್ಮ ಪಾತ್ರ ಕೊನೆಗೆ ಕೂತ ಬೆಂಚ್‌ನಿಂದಲೇ ನಡೆಯಬೇಕು, ಅದನ್ನು ಬ್ಯಾಟರಿ ಇರುವ ಸಾಧನದಲ್ಲಿ ಆಡುವುದು ಒಳ್ಳೆಯದು.

ರ್‍ಯಾಂಕ್ ಮ್ಯಾಚ್‌ಗಳ ಕಥೆ ಇನ್ನೂ ಕಷ್ಟದ್ದು. ವ್ಯಾಲರೆಂಟ್‌ನಲ್ಲಿ ನಡುವೆ ಬಿಟ್ಟು ಹೋದರೆ ದಂಡ ಬೀಳುತ್ತದೆ, ಜೊತೆಗಿದ್ದ ನಾಲ್ವರಿಗೂ ಅನ್ಯಾಯ. 'ಮಾರಾಯ, ಕರೆಂಟ್ ಹೋಯ್ತು' ಅಂದ್ರೆ ಗೇಮ್ ಕೇಳುವುದಿಲ್ಲ. ಫೋನ್ ಮಾತ್ರ ಈ ಹೊತ್ತಿನಲ್ಲೂ ನಿಲ್ಲುತ್ತದೆ. ಅದರಲ್ಲಿ ಬ್ಯಾಟರಿ ಇದೆ, ಟವರ್‌ಗೂ ಸ್ವಲ್ಪ ಹೊತ್ತಿನ ಬ್ಯಾಟರಿ ಇರುತ್ತದೆ. ಬಿಜಿಎಂಐನಲ್ಲಿ ಸಂಪರ್ಕ ತಪ್ಪಿದರೂ ಬೇಗ ಬಂದರೆ ಅದೇ ಮ್ಯಾಚ್‌ಗೆ ಮತ್ತೆ ಸೇರಿಕೊಳ್ಳಬಹುದು. ಮಳೆಗಾಲದಲ್ಲಿ ಆನ್‌ಲೈನ್ ಪೈಪೋಟಿ ಫೋನ್‌ನಲ್ಲಿ, ಕಥೆಯ ಗೇಮ್‌ಗಳು ಪಿಸಿ-ಕನ್ಸೋಲ್‌ನಲ್ಲಿ ಅಂತ ಹಂಚಿಕೊಂಡರೆ ತಲೆನೋವು ಕಮ್ಮಿ.

ಲ್ಯಾಪ್‌ಟಾಪ್‌ಗೂ ಬ್ಯಾಟರಿ ಇದೆಯಲ್ಲ ಅನ್ನಬಹುದು. ಇದೆ, ಆದರೆ ಗೇಮಿಂಗ್ ಲ್ಯಾಪ್‌ಟಾಪ್ ಚಾರ್ಜರ್ ತೆಗೆದ ಕೂಡಲೇ ತನ್ನ ಶಕ್ತಿ ಇಳಿಸಿಕೊಳ್ಳುತ್ತದೆ. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುತ್ತಿದ್ದ ಗೇಮ್ ಒಮ್ಮೆಲೇ ತಡವರಿಸುತ್ತದೆ. ಸೇವ್ ಮಾಡಿ ಮುಚ್ಚುವುದಕ್ಕೆ ಅದು ಸಾಕು, ಆಟ ಮುಂದುವರಿಸುವುದಕ್ಕೆ ಸಾಲದು.

ಕನ್ಸೋಲ್ ಇರುವವರು ಮನೆಯ ಇನ್ವರ್ಟರ್ ಹತ್ತಿರ ಹೋಗಿ ಎರಡು ವಿಷಯ ನೋಡಿ. ಟಿವಿ ಇರುವ ಗೋಡೆಯ ಪ್ಲಗ್ ಇನ್ವರ್ಟರ್ ಲೈನ್‌ನಲ್ಲಿ ಇದೆಯಾ? ಹೆಚ್ಚಿನ ಮನೆಗಳಲ್ಲಿ ಲೈಟು, ಫ್ಯಾನು ಮಾತ್ರ ಅದರಲ್ಲಿರುತ್ತವೆ. ಎರಡನೆಯದು, ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಅಂತ ಸ್ವಿಚ್ ಇದ್ದರೆ ಅದನ್ನು ಹಾಕಿ. ಆಗ ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವುದು ತಟ್ಟನೆ ಆಗುತ್ತದೆ, ಕನ್ಸೋಲ್ ಆರುವ ಸಾಧ್ಯತೆ ಕಮ್ಮಿ. ಪಿಎಸ್5 ದೊಡ್ಡ ಗೇಮ್ ಆಡುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ, ಟಿವಿಯದ್ದು ಬೇರೆ. ಎಲೆಕ್ಟ್ರಿಷಿಯನ್‌ಗೆ ಈ ಲೆಕ್ಕ ಹೇಳಿಯೇ ಪ್ಲಗ್ ಹಾಕಿಸಿ. ರೌಟರ್‌ಗೆ ಸಣ್ಣ ಯುಪಿಎಸ್ ಸಿಗುತ್ತದೆ, ಅದೂ ಇರಲಿ. ಗುಡುಗು ಶುರುವಾದರೆ ಮಾತ್ರ ಯಾವ ಲೆಕ್ಕವೂ ಬೇಡ, ಎಲ್ಲ ಪ್ಲಗ್ ಕಿತ್ತಿಡಿ.

ಇನ್ನು ಡೌನ್‌ಲೋಡ್. ರೆಡ್ ಡೆಡ್ ರಿಡೆಂಪ್ಷನ್ 2, ಬಾಲ್ಡರ್ಸ್ ಗೇಟ್ 3 ಪಿಸಿಯಲ್ಲಿ ತಲಾ 150 ಜಿಬಿ ಜಾಗ ಕೇಳುತ್ತವೆ. 40 ಎಂಬಿಪಿಎಸ್ ನೆಟ್ ಒಂದು ಚೂರೂ ನಿಲ್ಲದೆ ಬಂದರೂ 100 ಜಿಬಿ ಇಳಿಯಲು ಐದೂವರೆ ಗಂಟೆ ಬೇಕು. ಮೊಬೈಲ್ ಡೇಟಾದಲ್ಲಿ ಇದು ಆಗುವ ಕೆಲಸ ಅಲ್ಲ. ನೆಟ್ ನಿಧಾನ ಇರುವ ಊರಿನವರಿಗೆ ಪಿಸಿ ಹೆಚ್ಚು ಅನುಕೂಲ. ಹುಬ್ಬಳ್ಳಿಯಲ್ಲೋ ಕಾರವಾರದ ಪೇಟೆಯಲ್ಲೋ ಇಳಿಸಿದ ಸ್ಟೀಮ್ (ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ) ಗೇಮನ್ನು ಹಾರ್ಡ್‌ಡಿಸ್ಕ್‌ಗೆ ಬ್ಯಾಕಪ್ ಮಾಡಿಕೊಂಡು ಮನೆಗೆ ತರಬಹುದು. ಒಂದೇ ಮನೆಯಲ್ಲಿ ಎರಡು ಪಿಸಿ ಇದ್ದರೆ ಸ್ಟೀಮ್ ಒಂದರಿಂದ ಇನ್ನೊಂದಕ್ಕೆ ಮನೆಯ ವೈಫೈ ಮೂಲಕವೇ ಫೈಲ್ ಕಳಿಸುತ್ತದೆ, ಹೊರಗಿನ ನೆಟ್ ಖರ್ಚಾಗುವುದಿಲ್ಲ. ಕ್ಲೌಡ್ ಗೇಮಿಂಗ್‌ನಲ್ಲಿ ಡೌನ್‌ಲೋಡ್ ಕಾಟ ಇಲ್ಲ, ನಿಜ. ಆದರೆ ಇಡೀ ಆಟ ವಿಡಿಯೊ ಆಗಿ ಹರಿದು ಬರಬೇಕು, ನೆಟ್ ಒಂದು ಕ್ಷಣ ತಡವರಿಸಿದರೂ ಆಟ ಕೆಡುತ್ತದೆ. ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಸಿಗುವ ಮನೆಗೆ ಅದು ಆಗಿಬರುವುದಿಲ್ಲ.

ಆಟ ನಿಮ್ಮ ಜೊತೆ ಊರಿಂದ ಊರಿಗೆ ಬರುತ್ತದಾ?

ಧಾರವಾಡದ ಹಾಸ್ಟೆಲ್‌ನಲ್ಲಿ ಓದುವ ಹುಡುಗಿ ವಾರಾಂತ್ಯಕ್ಕೆ ಶಿರಸಿಗೆ ಬರುತ್ತಾಳೆ. ಅಲ್ಲಿ ಲ್ಯಾಪ್‌ಟಾಪ್, ಇಲ್ಲಿ ಅಣ್ಣನ ಪಿಸಿ. ಸ್ಟೀಮ್‌ನಲ್ಲಿ ಬಹಳಷ್ಟು ಗೇಮ್‌ಗಳ ಸೇವ್ ತಾನಾಗಿ ಕ್ಲೌಡ್‌ಗೆ, ಅಂದರೆ ನೆಟ್ ಮೂಲಕ ಕಂಪನಿಯ ಕಂಪ್ಯೂಟರ್‌ಗೆ ಹೋಗುತ್ತದೆ, ಅದಕ್ಕೆ ದುಡ್ಡಿಲ್ಲ. ಗೇಮ್‌ನ ಸ್ಟೋರ್ ಪುಟದಲ್ಲಿ 'ಸ್ಟೀಮ್ ಕ್ಲೌಡ್' ಅಂತ ಇದೆಯಾ ನೋಡಿಕೊಳ್ಳಿ. ಎಕ್ಸ್‌ಬಾಕ್ಸ್‌ನಲ್ಲೂ ಇದು ಉಚಿತ. ಎಕ್ಸ್‌ಬಾಕ್ಸ್ ಪ್ಲೇ ಎನಿವೇರ್ ಗುರುತಿರುವ ಗೇಮ್ ಒಮ್ಮೆ ಕೊಂಡರೆ ಕನ್ಸೋಲ್‌ಗೂ ವಿಂಡೋಸ್ ಪಿಸಿಗೂ ಆಗುತ್ತದೆ, ಸೇವ್ ಕೂಡ ಒಂದೇ. ಪ್ಲೇಸ್ಟೇಷನ್‌ನಲ್ಲಿ ಕ್ಲೌಡ್ ಸೇವ್‌ಗೆ ಪಿಎಸ್ ಪ್ಲಸ್ ಚಂದಾ ಬೇಕು. ದುಡ್ಡು ಕೊಟ್ಟು ಕೊಂಡ ಗೇಮ್‌ಗಳನ್ನು ಆನ್‌ಲೈನ್ ಆಡುವುದಕ್ಕೂ ಅದೇ ಚಂದಾ ಬೇಕು, ಉಚಿತ ಗೇಮ್‌ಗಳಿಗೆ ಬೇಡ. ಪಿಸಿಯಲ್ಲಿ ಈ ಚಂದಾದ ಗೊಡವೆಯೇ ಇಲ್ಲ.

ಹೊರಡುವ ಮೊದಲು ಗೇಮ್ ಮುಚ್ಚಿ, ಸೇವ್ ಕ್ಲೌಡ್‌ಗೆ ಹೋಗಿ ಮುಗಿಯುವ ತನಕ ಕಾಯಿರಿ. ಬಸ್ಸಿನ ಗಡಿಬಿಡಿಯಲ್ಲಿ ಲ್ಯಾಪ್‌ಟಾಪ್ ಸುಮ್ನೆ ಮಡಚಿದರೆ ಸೇವ್ ಅಲ್ಲೇ ಉಳಿಯುತ್ತದೆ.

ಯಂತ್ರ ಎಳೆಯುತ್ತದಾ?

ಸ್ಟೋರ್ ಪುಟದ ಕನಿಷ್ಠ ಅಗತ್ಯ ನೋಡಿ ಸಮಾಧಾನ ಆಗಬೇಡಿ, ಶಿಫಾರಸು ಮಾಡಿದ್ದನ್ನು ನೋಡಿ. ಅಲ್ಲಿ ಎಸ್‌ಎಸ್‌ಡಿ (ವೇಗದ ಡಿಸ್ಕ್) ಬೇಕು ಅಂತ ಬರೆದಿದ್ದರೆ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಹಾಕಬೇಡಿ. ಹಳೆ ಕನ್ಸೋಲ್ ಇರುವವರೂ ಹುಷಾರಾಗಿರಿ: 2020ರ ಡಿಸೆಂಬರ್‌ನಲ್ಲಿ ಬಂದ ಸೈಬರ್‌ಪಂಕ್ 2077 ಪಿಎಸ್4ರಲ್ಲಿ ಎಷ್ಟು ಕೆಟ್ಟದಾಗಿ ನಡೆಯಿತು ಅಂದ್ರೆ ಸೋನಿ ಅದನ್ನು ತನ್ನ ಸ್ಟೋರ್‌ನಿಂದಲೇ ತೆಗೆದುಹಾಕಿತು, ಮತ್ತೆ ಇಟ್ಟದ್ದು 2021ರ ಜೂನ್‌ನಲ್ಲಿ. ನಿಮ್ಮದೇ ಯಂತ್ರದ ಹೆಸರು ಹಾಕಿ ಯೂಟ್ಯೂಬ್‌ನಲ್ಲಿ ಹುಡುಕಿ, ಆಟ ಹೇಗೆ ಓಡುತ್ತದೆ ಅಂತ ಕಣ್ಣಾರೆ ನೋಡಿ. ಕರಾವಳಿಯಲ್ಲಿ ಉಪ್ಪಿನ ಗಾಳಿಗೆ ಲೋಹದ ಭಾಗ ಬೇಗ ತುಕ್ಕು ಹಿಡಿಯುತ್ತದೆ. ದುಬಾರಿ ಯಂತ್ರವನ್ನು ಸಮುದ್ರದ ಕಡೆಯ ಕಿಟಕಿ ಹತ್ತಿರ ಇಡಬೇಡಿ.

ಈಗ ದುಡ್ಡು

ಡಿಸ್ಕ್ ಹಾಕುವ ಕನ್ಸೋಲ್ ಇದ್ದರೆ ಕಥೆಯ ಗೇಮ್‌ಗಳನ್ನು ಡಿಸ್ಕ್‌ನಲ್ಲೇ ಕೊಳ್ಳಿ. ಮುಗಿಸಿದ ಮೇಲೆ ಮಾರಬಹುದು, ಗೆಳೆಯರಿಗೆ ಕೊಡಬಹುದು. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡಿಸ್ಕ್ ಹಾಕುವ ಜಾಗವೇ ಇಲ್ಲ, ಪಿಎಸ್5 ಡಿಜಿಟಲ್ ಜೊತೆಗೂ ಡಿಸ್ಕ್ ಡ್ರೈವ್ ಬರುವುದಿಲ್ಲ. ಪಿಸಿಯಲ್ಲಿ ಹಳೆಯ ಗೇಮ್‌ಗಳು ಸೇಲ್ ಬಂದಾಗ ಬಹಳ ಇಳಿಯುತ್ತವೆ, ಸ್ಟೀಮ್‌ನಲ್ಲಿ ದರ ರೂಪಾಯಿಯಲ್ಲೇ ಇರುತ್ತದೆ, ಯುಪಿಐ ನಡೆಯುತ್ತದೆ. ಎಪಿಕ್ ಸ್ಟೋರ್‌ನವರು ಕಾಲಕಾಲಕ್ಕೆ ಉಚಿತವಾಗಿ ಗೇಮ್ ಕೊಡುತ್ತಾರೆ, ಖಾತೆ ಮಾಡಿಟ್ಟುಕೊಳ್ಳಿ. ಒಂದೇ ಮನೆಯಲ್ಲಿ ಅಣ್ಣ ತಂಗಿಯರಿದ್ದರೆ ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಆರು ಜನರ ತನಕ ಸೇರಬಹುದು. ಒಬ್ಬರು ಕೊಂಡ ಗೇಮ್‌ಗಳಲ್ಲಿ ಹೆಚ್ಚಿನವು ಉಳಿದವರಿಗೂ ಸಿಗುತ್ತವೆ.

ಇಷ್ಟೆಲ್ಲ ನೋಡಿದ ಮೇಲೂ ಅನುಮಾನ ಉಳಿದರೆ ಸ್ಟೀಮ್‌ನಲ್ಲಿ ಕೊಳ್ಳಿ. ಕೊಂಡು 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಮ್ಮಿ ಇದ್ದರೆ ದುಡ್ಡು ವಾಪಸ್ ಕೇಳಬಹುದು. ಪ್ಲೇಸ್ಟೇಷನ್ ಸ್ಟೋರ್‌ನಲ್ಲೂ 14 ದಿನ ಅಂತ ಇದೆ, ಆದರೆ ಡೌನ್‌ಲೋಡ್ ಶುರು ಮಾಡಿದಿರಿ ಅಂದ್ರೆ ಸಾಮಾನ್ಯವಾಗಿ ವಾಪಸ್ ಇಲ್ಲ. ಸ್ಟೀಮ್‌ನ ಆ ಎರಡು ಗಂಟೆಯನ್ನು ಪಾತ್ರದ ಮೂಗು ಕಣ್ಣು ತಿದ್ದುವುದರಲ್ಲಿ ಕಳೆಯಬೇಡಿ. ಸೆಟ್ಟಿಂಗ್ಸ್ ಸರಿ ಮಾಡಿ, ಬೇಗ ಮೊದಲ ಕಾಳಗದ ತನಕ ಹೋಗಿ, ಫ್ಯಾನ್ ಎಷ್ಟು ಕೂಗುತ್ತದೆ, ಆಟ ತಡವರಿಸುತ್ತದಾ ಅಂತ ನೋಡಿ. ಒಮ್ಮೆ ಸೇವ್ ಮಾಡಿ ಗೇಮ್ ಮುಚ್ಚಿ ತೆರೆಯಿರಿ, ಒಮ್ಮೆ ಚಾರ್ಜರ್ ತೆಗೆದು ನೋಡಿ. ಒಂದೂವರೆ ಗಂಟೆಯ ಹೊತ್ತಿಗೆ ಇಟ್ಟುಕೊಳ್ಳುವುದೋ ವಾಪಸ್ ಕೊಡುವುದೋ ತೀರ್ಮಾನ ಮಾಡಿಬಿಡಿ.